ಬರ್ತೀನಿ ಅಂದು ಹೋದವಳು

ತೇಲೂರು, ಕೆಳಗಿನ ಓಣಿ
ಎರಡನೇ ಶ್ರಾವಣ, ನಲವತ್ತೊಂದನೇ ದಿನ

ತಂಗಿ,

ಮೇಲಿನ ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ನಮ್ಮಲ್ಲಿ ಶ್ರಾವಣ ಎರಡು ಬರುತ್ತವೆ, ಮತ್ತು ಮಳೆ ನಿಲ್ಲುವವರೆಗೆ ತಿಂಗಳು ಮುಗಿಯುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರು ದಾಟಿದ ಮೇಲಿನ ಯಾವುದೋ ಒಂದು ಇಸವಿ. ಕಾಗದದ ರೀತಿಯಂತೆ ಮೊದಲಿಗೆ 'ಪ್ರೀತಿಯ' ಅಂತ ಬರೆಯಬೇಕಂತೆ. ನಿನ್ನ ಮುಖ ಕಂಡವಳಲ್ಲ ನಾನು, ಪ್ರೀತಿ ಎಲ್ಲಿಂದ ತರಲಿ? ಮಗಳೇ ಅನ್ನಬಹುದಿತ್ತು. ಆ ಮಾತನ್ನು ಒಬ್ಬಳಿಗೆ ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ಲೆಕ್ಕ ಹಿಡಿದರೆ ನೀನು ನನ್ನ ಮುತ್ತಜ್ಜಿಗೂ ಮುತ್ತಜ್ಜಿ, ಆದರೂ ತಂಗಿ ಅಂತಲೇ ಕರೆಯುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ನಮ್ಮ ಕಾಲದ ಶಬ್ದಗಳು ನಿನಗೆ ವಿಚಿತ್ರ ಅನ್ನಿಸಬಹುದು. ತಿಳಿಯದಿದ್ದಲ್ಲಿ ಒಂದು ಗಳಿಗೆ ನಿಂತು ಓದು, ನಾನು ಹೇಳುತ್ತಲೇ ಹೋಗುತ್ತೇನೆ.

ನೀನು ಮನಶ್ಶಾಸ್ತ್ರ ಓದುವವಳು. ರಜೆಯಲ್ಲಿ ಯಾವುದೋ ಸಂಶೋಧನೆಗೆ ಸಂಬಳವಿಲ್ಲದೆ ದುಡಿಯಲು ಹೆಸರು ಕೊಟ್ಟಿದ್ದೀ. ಅದಕ್ಕೆ ನಿಮ್ಮ ಕಾಲದಲ್ಲಿ ಇಂಟರ್ನ್‌ಶಿಪ್ ಅನ್ನುತ್ತಿದ್ದರಂತೆ. ನಾವು ಪುಕ್ಕಟೆ ಪಾಳಿ ಅನ್ನುತ್ತೇವೆ. ನನ್ನ ಅತ್ತೆಯ ಕಾಲದಲ್ಲಿ ಸಂಬಳವಿಲ್ಲದೆ ದುಡಿದು, ಬೈಸಿಕೊಂಡು, ಹಿರಿಯರ ಒಂದು ಒಳ್ಳೆಯ ಮಾತಿಗಾಗಿ ಕಾಯುವವಳಿಗೆ ಸೊಸೆ ಅನ್ನುತ್ತಿದ್ದರು. ಹೆಸರು ಬದಲಾಗಿದೆ, ಅಷ್ಟೇ. ಓದುವ ಹುಡುಗಿಯರ ಈ ಪುಕ್ಕಟೆ ಪಾಳಿ ಶುರುವಾದದ್ದು ನಿಮ್ಮ ಕಾಲದಲ್ಲಿ ಎಂದು ಕೇಳಿದ್ದೇನೆ. ಅದಕ್ಕೇ ಈ ಕಾಗದ ನಿನಗೆ.

ನಮ್ಮ ಊರು ಕೃಷ್ಣೆಯ ಹಿನ್ನೀರಿನ ಮೇಲಿದೆ. ದಡದಲ್ಲಲ್ಲ, ನೀರಿನ ಮೇಲೆಯೇ. ಓಣಿಗೆ ಓಣಿಯನ್ನು ಹಗ್ಗದಿಂದ ಕಟ್ಟಿದ್ದೇವೆ. ಗಾಳಿ ಎದ್ದ ದಿನ ಊರು ತಿರುಗುತ್ತದೆ. ಬೆಳಗ್ಗೆ ಎದುರಿಗಿದ್ದ ಶಾಂತವ್ವನ ಮನೆ ಸಂಜೆಗೆ ಹಿತ್ತಲಿಗೆ ಬಂದಿರುತ್ತದೆ, ಅವಳ ನನ್ನ ಜಗಳ ಮಾತ್ರ ಇದ್ದಲ್ಲೇ ಇರುತ್ತದೆ. ರೊಟ್ಟಿಯನ್ನು ನೀರುಜೋಳದಿಂದ ಬಡಿಯುತ್ತೇವೆ. ತೇಲುವ ಹಾಸಿನ ಮೇಲೆ ಬೆಳೆಯುವ ಜೋಳ ಅದು, ಸ್ವಲ್ಪ ಪಾಚಿಯ ವಾಸನೆ, ಆದರೆ ಹಿಟ್ಟಿಗೆ ಚೆನ್ನಾಗಿ ಜಿಗಿ ಬರುತ್ತದೆ, ಬಡಿದರೆ ಒಡೆಯುವುದಿಲ್ಲ. ನಡುಹಗಲು ನೆರಳುಗಂಟೆ. ಬಿಸಿಲು ಮೈ ಸುಡುವ ಆ ಹೊತ್ತಿನಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ಎಲ್ಲರೂ ಒಳಗೆ ಕುಳಿತು ಮಾತಾಡುತ್ತೇವೆ. ಮಾತಿಗೆ ಬರಗಾಲವಿಲ್ಲದ ಊರು ನಮ್ಮದು. ಅದು ಹೇಗೋ ಓದಿದವರಿಗೂ ಗೊತ್ತಾಗಿಬಿಟ್ಟಿದೆ.

ಇನ್ನು ಹಿಂದಂಚೆಯ ವಿಷಯ ಹೇಳಬೇಕು. ಅದು ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ, ಉತ್ತರ ಬರುವುದಿಲ್ಲ. ಬಾಯಿಯ ಕಡೆಯ ಹಲ್ಲು ಬಿದ್ದ ಮೇಲೆಯೇ ಅದರ ಹಕ್ಕು. ಹಲ್ಲಿದ್ದಾಗ ಬರೆದವರು ಸಿಟ್ಟಿನಲ್ಲಿ ಬರೆಯುತ್ತಾರೆ ಎಂದು ಹಿಂದಿನವರು ಕಂಡುಕೊಂಡರಂತೆ. ಮತ್ತೊಂದು ನಿಯಮವಿದೆ. ಹಿಂದಂಚೆ ಹೊಸ ಮಾತನ್ನು ಮಾತ್ರ ಒಯ್ಯುತ್ತದೆ. ಒಂದು ಸಲ ಮಾತುತೊಟ್ಟಿಗೆ ಬಿದ್ದ ಮಾತು, ಅಂದರೆ ಓದಿದವರು ಎಲ್ಲರಿಗೂ ಸಿಗುವಂತೆ ಕೂಡಿಡುವ ಜಾಗಕ್ಕೆ ಸೇರಿದ ಮಾತು, ಆಮೇಲೆ ಹಿಂದಕ್ಕೆ ಹರಿಯುವುದಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ. ಓದಿದವರಿಗೂ ಗೊತ್ತಿಲ್ಲ, ಅವರು ಅದನ್ನು ಉದ್ದವಾಗಿ ಹೇಳುತ್ತಾರೆ.

ನನ್ನ ಓರಗೆಯ ಹೆಂಗಸರಂತೆ ನಾನೂ ನನ್ನ ಕಾಗದವನ್ನು ಅವ್ವನಿಗೆಂದು ಎತ್ತಿಟ್ಟಿದ್ದೆ. ಅವ್ವ ಸಾಯುವ ಮುಂಚಿನ ವಾರ ಬೆರಳಿನಿಂದ ಮೂಗುತಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಬಾಳೂ, ಸತ್ತ ಮ್ಯಾಲೆ ಇದನ್ನ ತಗೀತಾರೇನ? ಬೋಳ ಮೂಗಿಲೆ ಹೆಂಗ ಹೋಗ್ಲಿ ನಾ?" ಅಂತ ಕೇಳುತ್ತಿದ್ದಳು. ನಾವು ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ಸಾಯುತ್ತೀ ಎಂದು ಒಪ್ಪಿಕೊಂಡ ಹಾಗೆ. ಆಮೇಲೆ ಏನಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಒಂದು ಸಾಲು, ಅವ್ವ ಇನ್ನೂ ಉಸಿರಾಡುತ್ತಿರುವ ಆ ವಾರಕ್ಕೆ ಹೋಗಿ ಮುಟ್ಟಬೇಕಿತ್ತು. ನಾನು ಹಲ್ಲು ಬೀಳಲಿ ಎಂದು ಕಾಯುತ್ತಿದ್ದೆ. ಹಲ್ಲು ಉಳಿಯಲೆಂದು ಬೇಡಿಕೊಳ್ಳುವ ವಯಸ್ಸಿನಲ್ಲಿ ನಾನು ಅವುಗಳಿಗೆ ದಿನಾ ಶಾಪ ಹಾಕುತ್ತಿದ್ದೆ.

ಆಗ ಬಂದವಳು ಮಂದಾಕಿನಿ. ದಡದ ಕಡೆಯ ವಿಶ್ವವಿದ್ಯಾಲಯದ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲಿ ಕಿವಿಚಿಪ್ಪು. ಕಿವಿಚಿಪ್ಪು ಅಂದರೆ ಆಡಿದ ಮಾತನ್ನು ಹಿಡಿದಿಡುವ ಯಂತ್ರ, ಕಪ್ಪೆಚಿಪ್ಪಿನ ಹಾಗೆ ಇರುತ್ತದೆ. ಮುದುಕರು ಹಿಂದಂಚೆಗೆಂದು ಯಾವ ಮಾತು ಎತ್ತಿಟ್ಟಿದ್ದಾರೆ ಎಂಬುದೇ ಅವರ ಸಂಶೋಧನೆ. ಅವಳು ಒಪ್ಪಿಗೆ ಕೇಳಿದಳು. ಚಿಪ್ಪು ಅಂಗಾತ ಇದ್ದರೆ ಕೇಳುತ್ತದೆ, ಬೋರಲು ಹಾಕಿದರೆ ಕೇಳುವುದಿಲ್ಲ ಅಂದಳು. ಹೆಸರು ಎಲ್ಲೂ ಬರುವುದಿಲ್ಲ ಅಂದಳು. ನಾನು ಆಗಲಿ ಅಂದೆ. ಆಮೇಲೆ ಒಲೆಯ ಪಕ್ಕ ಬಂದು ಕುಳಿತು ನನ್ನ ಕೈಯನ್ನೇ ನೋಡಿದಳು.

"ಆಯಿ, ನಿಮ್ಮ ಕೈ ನೋಡಿದ್ರ ನಮ್ಮಾಯಿ ಕೈ ನೆನಪಾಗ್ತೈತ್ರಿ."

ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತೇವೆ. ನನಗೆ ಮೊಮ್ಮಕ್ಕಳಿಲ್ಲ. ಆ ಮಾತು ಬಿದ್ದಲ್ಲೇ ನಾನು ಕರಗಿ ನೀರಾದೆ, ಆದರೆ ತೋರಿಸಿಕೊಳ್ಳಲಿಲ್ಲ. ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದೆ.

"ಇಲ್ರಿ ಆಯಿ. ತಿನ್ನಾಕ ಬರತೈತಿ."

"ಹಂಗಾರ ಕುಂದ್ರು. ಅರ್ಧಾ ಕೆಲಸ ಬಂತಲ್ಲ ನಿನಗ."

ಅವಳು ಮಳೆ ತಿಂಗಳು ಪೂರ್ತಿ ಬಂದಳು. ಸುಳ್ಳು ಹೇಳಬಾರದು, ಒಳ್ಳೆಯ ಹುಡುಗಿ. ನನ್ನ ತಲೆ ಬಾಚಿದಳು. ಶಾಂತವ್ವನ ಮನೆ ಹಿತ್ತಲಿಗೆ ಬಂದಾಗ ನನ್ನ ಪರವಾಗಿ ಬೈದಳು, ಅದೂ ದಡದವರ ಮೆತ್ತನೆಯ ಬೈಗುಳದಲ್ಲಿ. ಶಾಂತವ್ವ ಅದನ್ನು ಹೊಗಳಿಕೆ ಅಂದುಕೊಂಡು ಉಪ್ಪಿನಕಾಯಿ ಕಳಿಸಿದಳು. ಸಂಬಳ ಯಾಕೆ ಕೊಡುವುದಿಲ್ಲ ನಿಮ್ಮ ಗುರುಗಳು ಎಂದು ನಾನು ಕೇಳಿದರೆ, "ಅವರು ನನ್ನ ಬಗ್ಗೆ ಎರಡು ಚಲೋ ಮಾತು ಬರದುಕೊಡ್ತಾರ್ರಿ, ಅದರ ಮ್ಯಾಲೆ ಮುಂದ ಓದಾಕ ಸಿಗತೈತಿ" ಅನ್ನುತ್ತಿದ್ದಳು. ಅವಳನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತಿತ್ತು. ನೆರಳುಗಂಟೆಯಲ್ಲಿ ಚಿಪ್ಪು ಅಂಗಾತ ಇಟ್ಟು ಪ್ರಶ್ನೆ ಕೇಳುತ್ತಿದ್ದಳು. ಹಿಂದಂಚೆಯ ಮಾತು ಬಂದಾಗ ನಾನು, ಅದು ನನ್ನ ಅವ್ವನ ಆಸ್ತಿ, ನಿನ್ನ ಚಿಪ್ಪಿಗೆ ಅಲ್ಲ ಅನ್ನುತ್ತಿದ್ದೆ. ಅವಳು ನಕ್ಕು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ಪ್ರಶ್ನೆ ಮುಗಿದ ಮೇಲೆ ಚಿಪ್ಪನ್ನು ರೊಟ್ಟಿ ಬುಟ್ಟಿಯ ಮುಚ್ಚಳದ ಮೇಲೆ ಬೋರಲು ಹಾಕುತ್ತಿದ್ದಳು. ಅಂಗಾತ ಇದ್ದಾಗ ಅವಳು ವಿಶ್ವವಿದ್ಯಾಲಯದವಳು, ಬೋರಲಾದಾಗ ನನ್ನವಳು. ನಾನು ಹಾಗೆ ತಿಳಿದುಕೊಂಡೆ.

ಪಾಳಿ ಮುಗಿದ ದಿನ ನಾನು ಅವಳ ಉಡಿ ತುಂಬಿದೆ. ಈ ಪದ್ಧತಿ ನಿಮ್ಮಲ್ಲೂ ಇತ್ತಂತೆ. ಅಕ್ಕಿ, ಎಲೆ ಅಡಿಕೆ, ರವಿಕೆಯ ಖಣ. ತೆಂಗಿನಕಾಯಿ ನಮಗೆ ಸಿಗುವುದಿಲ್ಲ, ಅದರ ಬದಲು ತಾವರೆಕಾಯಿ ಇಡುತ್ತೇವೆ. ಉಡಿ ತುಂಬಿಸಿಕೊಂಡವಳು ಮನೆಮಗಳಾಗುತ್ತಾಳೆ. ಮನೆಮಗಳು ತವರಿಗೆ ತಿರುಗಿ ಬರಲೇಬೇಕು. ಅವಳು ಸೆರಗಿಲ್ಲದ ಉಡುಪಿನವಳು, ಅಂಗಿಯ ತುದಿಯನ್ನೇ ಎರಡೂ ಕೈಯಲ್ಲಿ ಹಿಡಿದು ನಿಂತಳು. ಚಿಪ್ಪು ಬೋರಲಾಗಿತ್ತು. ಅಕ್ಕಿ ಹಾಕುತ್ತ ಹಾಕುತ್ತ ಕೊನೆಯ ಹಿಡಿಗೆ ಕೈ ನಿಲ್ಲಿಸಿದೆ. ಮಗಳಿಗೆ ಹೇಳದೆ ಇನ್ಯಾರಿಗೆ ಹೇಳಲಿ ಎಂದು ಅವ್ವನಿಗೆ ಬರೆಯಬೇಕಾದ ಆ ಸಾಲನ್ನು ಅವಳಿಗೆ ಹೇಳಿದೆ. ಅವಳು ಅತ್ತಳು. ಅದು ನಿಜವಾದ ಅಳುವೇ ಎಂದು ಇವತ್ತಿಗೂ ನನ್ನ ನಂಬಿಕೆ, ಅದಕ್ಕೇ ಇಷ್ಟು ಸಿಟ್ಟು. ಹೊಸ್ತಿಲು ದಾಟುವಾಗ "ಬರ್ತೀನ್ರಿ ಆಯಿ" ಅಂದಳು. "ಹೋಗಿ ಬಾ" ಅಂದೆ.

ಬರಲಿಲ್ಲ. ಹಬ್ಬ ಬಂತು, ಹೊಸ ಜೋಳ ಬಂತು, ಬರಲಿಲ್ಲ. ಗಾಳಿಗೆ ಓಣಿ ತಿರುಗಿ ನನ್ನ ಬಾಗಿಲು ದಡಕ್ಕೆ ಬೆನ್ನು ಮಾಡಿದ ದಿನ, ಬಂದವಳಿಗೆ ಗುರುತು ಸಿಗಲಿ ಎಂದು ಹಿಂದಿನ ಕಿಟಕಿಗೆ ಕೆಂಪು ಖಣ ಕಟ್ಟುತ್ತಿದ್ದೆ. "ಯಾರಿಗವಾ ಈ ನಿಶಾನಿ? ಹುಚ್ಚು ಹಿಡದೈತೇನ?" ಅಂತ ಶಾಂತವ್ವ ಕೂಗುತ್ತಿದ್ದಳು. ಅವಳ ಬಾಯಿ ನನ್ನದಕ್ಕಿಂತ ಹೊಲಸು, ಆದರೆ ಅವಳು ಕೇಳಿದ್ದು ಸರಿಯಾಗಿತ್ತು.

ಮರುವರ್ಷ ಇನ್ನೊಬ್ಬ ಹುಡುಗಿ ಬಂದಳು. ಅದೇ ಚೀಲ, ಅದೇ ಚಿಪ್ಪು. ಒಲೆಯ ಪಕ್ಕ ಅದೇ ಜಾಗದಲ್ಲಿ ಕುಳಿತಳು. ನನ್ನ ಕೈಯನ್ನು ನೋಡಿದಳು.

"ಆಯಿ, ನಿಮ್ಮ ಕೈ ನೋಡಿದ್ರ ನಮ್ಮಾಯಿ ಕೈ ನೆನಪಾಗ್ತೈತ್ರಿ."

ಒಲೆಯ ಮೇಲಿದ್ದ ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ನನಗೆ ಎಚ್ಚರ. "ನಿಮ್ಮಾಯಿ ಹೆಸರೇನ ತಂಗಿ?" ಅಂದೆ.

ಹುಡುಗಿ ತಡವರಿಸಿದಳು. "ನಾ ನೋಡಿಲ್ರಿ ಅವರನ್ನ. ಇದು ಬಾಂಧವ್ಯದ ಮೊದಲನೇ ಹೆಜ್ಜಿರಿ. ಎಲ್ಲಾರಿಗೂ ಇದನ್ನ ಕಲಿಸ್ಯಾರ."

"ಮತ್ತ ಚಿಪ್ಪ ಬೋರಲ ಹಾಕೂದು?"

"ಅದು ಕಡೀ ಹೆಜ್ಜಿರಿ. ಬೋರಲ ಹಾಕಿದ ಮ್ಯಾಲೆ ಖರೇ ಮಾತು ಬರತಾವ, ನೆನಪಿಟ್ಟುಕೊಂಡು ಆಮ್ಯಾಲೆ ಬರೀರಿ ಅಂತ ನಮ್ಮ ಸರ್ ಹೇಳ್ಯಾರ್ರಿ."

ಪಾಪದ ಹುಡುಗಿ, ಮುಚ್ಚಿಡುವುದನ್ನೂ ಇನ್ನೂ ಕಲಿತಿರಲಿಲ್ಲ. ರೊಟ್ಟಿ ತಿನ್ನಿಸಿ ಕಳಿಸಿದೆ. ಮಾತು ಮಾತ್ರ ಒಂದೂ ಕೊಡಲಿಲ್ಲ.

ಈ ಶ್ರಾವಣದ ಆರಂಭದಲ್ಲಿ ನನ್ನ ಕಡೆಯ ಹಲ್ಲು ಬಿತ್ತು. ಅದನ್ನು ಅಂಗೈಯಲ್ಲಿ ಹಿಡಿದು, ಅವ್ವನ ಸಾಲನ್ನು ಬರೆದುಕೊಂಡು, ಹೊಸ ಸೀರೆ ಉಟ್ಟು ಹಿಂದಂಚೆಗೆ ಹೋದೆ. ಅಲ್ಲಿಯ ಗುಮಾಸ್ತ ದುಂಡಪ್ಪ ನಮ್ಮ ಓಣಿಯವನೇ. ಕಾಗದವನ್ನು ಯಂತ್ರಕ್ಕೆ ಕೊಟ್ಟ, ಯಂತ್ರ ಹೊರಗೆ ಉಗುಳಿತು. ಮತ್ತೆ ಕೊಟ್ಟ, ಮತ್ತೆ ಉಗುಳಿತು. ಅವನು ತಲೆ ಎತ್ತದೆ ಹೇಳಿದ.

"ಆಯಿ, ಈ ಮಾತು ಮಾತುತೊಟ್ಟಿಯಾಗ ಐತಿ. 'ಹಿನ್ನೀರಿನ ಒಬ್ಬ ವೃದ್ಧೆ' ಅಂತ ಬರದಾರ. ಹೆಸರ ಇಲ್ಲ."

"ಹೆಸರ ಯಾರಿಗೆ ಬೇಕಾಗಿತ್ತೋ? ನನ್ನ ಮಾತ ತಗದುಕೊಡು."

"ತೊಟ್ಟಿಗೆ ಬಿದ್ದದ್ದು ತಿರಿಗಿ ಬರಂಗಿಲ್ಲ ಆಯಿ. ಬ್ಯಾರೆ ಏನರ ಬರೀರಿ."

ಬೇರೆ ಥರ ಬರೆದು ನೋಡಿದೆ. ಹಿಂದುಮುಂದು ಮಾಡಿ, ಸುತ್ತು ಬಳಸಿ ಬರೆದೆ. ಅರ್ಥ ಅದೇ ಇದ್ದರೆ ಯಂತ್ರ ಒಲ್ಲೆ ಅನ್ನುತ್ತದೆ. ಅವ್ವನಿಗೆ ಇನ್ನೇನು ಬರೆಯಲಿ? ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನಿನ್ನ ಕ್ಷೇಮಕ್ಕೆ ಬರೆ ಅಂತಲೇ? ಅವಳು ಕೇಳಿದ್ದು ಒಂದೇ ಪ್ರಶ್ನೆ. ಅದರ ಉತ್ತರವನ್ನು ಈ ಕಾಗದದಲ್ಲೂ ನಾನು ಬರೆಯುವಂತಿಲ್ಲ, ಬರೆದರೆ ಇದೂ ನಿನ್ನನ್ನು ಮುಟ್ಟುವುದಿಲ್ಲ. ನಮ್ಮ ಕಾಲದಲ್ಲಿ ತೊಟ್ಟಿಗೆ ಕೈ ಹಾಕಿದ ಯಾರಿಗೆ ಬೇಕಾದರೂ ಅದು ಗೊತ್ತು. ಗೊತ್ತಾಗಬೇಕಿದ್ದವಳಿಗೆ ಮಾತ್ರ ಗೊತ್ತಾಗಲಿಲ್ಲ. ಅವರು ನನ್ನ ಹೆಸರನ್ನು ಜೋಪಾನ ಮಾಡಿ ಮಾತನ್ನು ಒಯ್ದರು. ಹೆಸರು ಊರಲ್ಲಿ ಹತ್ತು ಜನ ಬಾಳವ್ವಂದಿರಿಗಿದೆ. ಮಾತು ನನ್ನೊಬ್ಬಳದಾಗಿತ್ತು.

ಮಂದಾಕಿನಿಗೆ ಆ ಎರಡು ಚಲೋ ಮಾತು ಸಿಕ್ಕಿದವಂತೆ, ದೊಡ್ಡ ಓದಿಗೆ ಹೋದಳಂತೆ. ಹೋಗಲಿ. ನನ್ನ ಸಾಲು ತೊಟ್ಟಿಗೆ ಬಿದ್ದರೆ ಅಂಚೆ ಅದನ್ನು ಒಯ್ಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತೇ? ಹಿಂದಂಚೆಯನ್ನೇ ಓದುತ್ತಿದ್ದವಳಿಗೆ ಗೊತ್ತಿರದೆ ಇದ್ದೀತೇ? ಇದನ್ನು ಅವಳನ್ನೇ ಕೇಳಬೇಕೆಂದರೆ ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ, ಹಿಂದಂಚೆಯೂ ಇನ್ನೂ ಬದುಕಿರುವವರ ಬಾಗಿಲಿಗೆ ಹೋಗುವುದಿಲ್ಲ. ಕಿಟಕಿಯ ಖಣವನ್ನು ಬಿಚ್ಚಿ ಒಲೆ ಒರೆಸಲು ಇಟ್ಟುಕೊಂಡಿದ್ದೇನೆ.

ಉಳಿದ ನನ್ನ ಒಂದೇ ಕಾಗದವನ್ನು ನಿನಗೆ ಖರ್ಚು ಮಾಡುತ್ತಿದ್ದೇನೆ ತಂಗಿ, ಆದ್ದರಿಂದ ಕಿವಿಗೊಟ್ಟು ಕೇಳು. ಹೋಗಬೇಡ ಅನ್ನುವುದಿಲ್ಲ. ಮುದುಕಿಯರಿಗೆ ಮಾತಾಡಲು ಜನ ಬೇಕು, ನಿನಗೆ ಓದು ಬೇಕು, ಹೋಗು. ಆದರೆ ಅವಳ ಕೈ ನೋಡಿ ನಿನ್ನ ಅಜ್ಜಿ ನೆನಪಾಗದಿದ್ದರೆ ನೆನಪಾಯಿತು ಅನ್ನಬೇಡ. ಕಿವಿಯನ್ನು ಬೋರಲು ಹಾಕಲು ನಿನಗೆ ಬರುವುದಿಲ್ಲವಾದರೆ ಯಂತ್ರವನ್ನೂ ಹಾಕಬೇಡ. ಉಡಿ ತುಂಬಲು ಬಂದರೆ, ಬೇಡ ಆಯಿ, ನಾನು ಕೆಲಸಕ್ಕೆ ಬಂದವಳು ಅನ್ನು. ಅವಳು ಮುಖ ಊದಿಸಿಕೊಳ್ಳುತ್ತಾಳೆ, ಊದಿಸಿಕೊಳ್ಳಲಿ.

ಕಡೆಯದಾಗಿ ಒಂದು ಮಾತು. ನಮ್ಮ ಭಾಷೆಯಲ್ಲಿ ಹೊಸ್ತಿಲು ದಾಟುವವರು ಹೋಗ್ತೀನಿ ಅನ್ನುವುದಿಲ್ಲ, ಅಪಶಕುನ ಅಂತ ಬರ್ತೀನಿ ಅನ್ನುತ್ತೇವೆ. ಎಲ್ಲರಿಗೂ ಗೊತ್ತಿರುವ ರೂಢಿ. ಆದರೆ ಒಂಟಿ ಮುದುಕಿ ಅದನ್ನು ರೂಢಿ ಅಂತ ಕೇಳಿಸಿಕೊಳ್ಳುವುದಿಲ್ಲ, ಬರುತ್ತಾಳೆ ಅಂತಲೇ ಕೇಳಿಸಿಕೊಳ್ಳುತ್ತಾಳೆ. ನೀನು ತಿರುಗಿ ಬರುವವಳಲ್ಲದಿದ್ದರೆ ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅನ್ನು. ಅವಳು ಬೈಯುತ್ತಾಳೆ. ಬೈಸಿಕೋ. ಬೈದು ಮುಗಿಸಿದವಳು ಮರುದಿನ ಬಾಗಿಲ ಕಡೆ ನೋಡುತ್ತ ಕೂರುವುದಿಲ್ಲ.

ಅತ್ತ ಆ ವಾರದಲ್ಲಿ ನನ್ನ ಅವ್ವ ಈಗಲೂ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ. ಯಾರೂ ಉತ್ತರ ಕೊಡುತ್ತಿಲ್ಲ. ಇತ್ತ ದುಂಡಪ್ಪ ಅಂಚೆಯ ಬಾಗಿಲು ಹಾಕಲು ನಿಂತಿದ್ದಾನೆ.

ಹೋಗ್ತೀನಿ.

ಬಾಳವ್ವ