ತಿದಿ ಒತ್ತೋ ಕೈ

ಮಧುಗಿರಿ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗ ಓಬಳರಾಜುಗೆ,

ನಿಮ್ಮಮ್ಮನ ಆಶೀರ್ವಾದ. ಹೆಂಗಿದ್ದೀಯಪ್ಪ? ಆ ರಾಜಸ್ಥಾನದ ಬಿಸಿಲಲ್ಲಿ ಸೋಲಾರ್ ಪ್ಲೇಟು ನೋಡ್ಕಂಡು ನಿಂಗೆ ಕಣ್ಣುರಿ ಬಂದಿತ್ತಲ್ಲ, ಕಮ್ಮಿ ಆಯ್ತಾ? ರೊಟ್ಟಿ ತಿಂದು ತಿಂದು ಸಾಕಾಗಿದ್ರೆ ಹೇಳು, ರಾಗಿ ಹಿಟ್ಟು ಕಳಿಸ್ತೀನಿ. ಪಾವಗಡದ ಸೋಲಾರ್‌ನಲ್ಲೇ ಇದ್ದಿದ್ರೆ ವಾರಕ್ಕೊಂದ್ಸಲ ಬಂದು ಮುದ್ದೆ ಉಂಡು ಹೋಗ್ತಿದ್ದೆ. ಇರಲಿ. ಫೋನ್ ಇರೋ ಕಾಲದಲ್ಲಿ ಈ ಮುದುಕಿ ಏನು ಕಾಗದ ಬರೀತಾಳೆ ಅಂತ ನಗಬೇಡ. ಫೋನು ನಿನ್ನ ಹೆಂಡ್ತಿ ಕೈಲಿರುತ್ತೆ, ನಾನು ಹೇಳಬೇಕಾಗಿರೋದೂ ಅವಳ ವಿಷಯಾನೇ. ಸೊಸೇನ ಎದುರಿಗೇ ಹೊಗಳೋಕೆ ನಂಗೆ ನಾಚಿಕೆ ಕಣಪ್ಪ.

ಹೋದ ತಿಂಗಳು ನೀನು ವನಜಂಗೆ ಆ ಪಿಯಾನೊ ವಾಪಸ್ ಕೊಟ್ಬುಡು ಅಂದ್ಯಂತೆ. ಅಪ್ಪನ ಬಲಗೈ ಲಕ್ವ ಹೊಡೆದು ಬಿದ್ದೋಗಿದೆ, ಹಾರ್ಮೋನಿಯಂ ಮುಟ್ಟೋಕಾಗದೆ ಮಲಗಿರೋ ಮನುಷ್ಯನ ಕಿವಿ ಹತ್ರ ದಿನಾ ನುಡಿಸ್ತಾ ಕೂತ್ರೆ ಅವರಿಗೆ ಸಂಕಟ ಆಗಲ್ವಾ ಅಂದ್ಯಂತೆ. ನೀನು ಅಂದಿದ್ದು ಅಪ್ಪನ ಮೇಲಿನ ಪ್ರೀತಿಗೆ, ನಂಗೆ ಗೊತ್ತು. ಅವಳು ಒಂದು ಮಾತು ಎದುರಾಡಲಿಲ್ಲ, ಆಗಲಿ ಅಂದ್ಬುಟ್ಲು. ಅವಳಿಗೆ ಪಾಠ ಹೇಳೋ ತುಮಕೂರಿನ ಮೇಡಂ ಕಲಿಯೋವರೆಗೂ ಇಟ್ಕೊ ಅಂತ ಕೊಟ್ಟಿದ್ದ ಕರೆಂಟಿನ ಪಿಯಾನೊ ಅದು. ಈ ತಿಂಗಳ ಕೊನೇ ಭಾನುವಾರ ಗಾಡಿ ಬಂದು ಹೊತ್ಕೊಂಡು ಹೋಗುತ್ತೆ. ಜನವರೀಲಿ ಅವಳ ಪಿಯಾನೊ ಪರೀಕ್ಷೆ. ಪಾಸಾದ್ರೆ ಅವಳು ಕೆಲ್ಸ ಮಾಡೋ ಸ್ಕೂಲಲ್ಲೇ ಸಂಗೀತದ ಟೀಚರ್ ಮಾಡ್ಕೋತಾರಂತೆ. ಇದನ್ನ ನಿಂಗೆ ಹೇಳಿದ್ಲಾ? ಹೇಳಿರಲ್ಲ ಬುಡು, ಅವಳ ಬಾಯಿ ನಂಗೊತ್ತಿಲ್ವಾ.

ಈಗ ಕೇಳು. ಪಿಯಾನೊ ಪಾಠದಲ್ಲಿ ಮೈನರ್ ಸ್ಕೇಲ್ ಅಂತ ಒಂದು ಸ್ವರಗಳ ಸಾಲಿದೆ, ಹತ್ತಿ ಇಳೀಬೇಕು. ಅತ್ತು ಅತ್ತು ಸುಸ್ತಾದ ಮಗು ಸಮಾಧಾನ ಆಗೋ ಹೊತ್ತಿನಂಗೆ ಕೇಳ್ಸುತ್ತೆ. ವನಜಂಗೆ ಬಲಗೈ ಓಡುತ್ತೆ, ಎಡಗೈ ಮುಗ್ಗರಿಸುತ್ತೆ. ಕಿರುಬೆರಳಿಂದ ಶುರು ಮಾಡಿ, ಹೆಬ್ಬೆರಳು ಒತ್ತಿದ ಕೂಡ್ಲೆ ನಡುಬೆರಳು ಅದರ ಮೇಲಿಂದ ದಾಟಬೇಕಂತೆ. ನಿನ್ನ ಫೋನ್ ಬಂದ ವಾರವೇ, ಹೋಗೋ ಪಿಯಾನೊ ಹೋಗೋವರೆಗಾದ್ರೂ ಕಲಿಯೋಣ ಅಂತ ಕೂತಿದ್ಲು. ಕೊನೇಲಿ ಕರಿ ಮನೆ, ಅದೇ ಕರೀ ಕೀ, ಒತ್ತೋ ಬದಲು ಪಕ್ಕದ ಬಿಳಿ ಮನೆ ಒತ್ತಿದ್ಲು. ಯುಗಾದಿಯಿಂದ ಗೋಡೆ ಕಡೆ ಮುಖ ಮಾಡ್ಕಂಡು ಮಲಗಿದ್ದ ನಿಮ್ಮಪ್ಪ, "ಕರಿ ಮನೆ ಕಣಮ್ಮ, ಕೀರವಾಣಿ ರಾಗ ಕೆಡ್ತದೆ" ಅಂದ್ರು. ಬೇರೆ ಯಾರಾದ್ರೂ ಆಗಿದ್ರೆ ಸರಿ ಮಾವ ಅಂತ ಸುಮ್ನಾಗೋರು. ಇವಳು ಕುರ್ಚಿ ತಂದು ಹಾಕಿ, ಎಡಗೈಲಿ ನಂಗೆ ಬರ್ತಿಲ್ಲ, ನೀವೇ ಒತ್ತಿ ತೋರ್ಸಿ ಅಂದ್ಲು.

ಎಡಗೈಗೇನು ಸ್ವರ ಗೊತ್ತಮ್ಮ, ಅದು ತಿದಿ ಒತ್ತೋ ಕೈ ಅಂತ ಗೊಣಗಿದ್ರು. ನೀನು ಚಿಕ್ಕವನಿದ್ದಾಗ ಅವರ ಕೈ ತಳ್ಳಿ, ನಾನೊತ್ತುತೀನಿ ಅಂತ ಹಟ ಹಿಡಿದು ಹಾರ್ಮೋನಿಯಂಗೆ ಗಾಳಿ ಹಾಕ್ತಿದ್ದೆಯಲ್ಲ, ಅದೇ ತಿದಿ. ಗೊಣಗಿದ್ರೂ ಎದ್ದು ಕೂತ್ರು. ಆಮೇಲೆ ಆಗಿದ್ದು ನೋಡ್ಬೇಕಿತ್ತು ನೀನು. ಎರಡು ಸ್ವರ ಒತ್ತೋದು, ಕೈ ತಾನಾಗೇ ಮೇಲೆದ್ದು ಪಿಯಾನೊ ಹಿಂದೆ ಹೋಗಿ ಗಾಳಿ ಒತ್ತೋದು. ಅಲ್ಲಿಟ್ಟಿದ್ದ ನೀರಿನ ಚೆಂಬು ಉರುಳಿ ನನ್ನ ಕಾಲ ಮೇಲೆ ಬಿತ್ತು. ಕಾಯಿಲೆ ಬಿದ್ದ ಮೇಲೆ ಅವತ್ತೇ ಅವರು ನಕ್ಕಿದ್ದು. ಇದಕ್ಕೆ ಕರೆಂಟೇ ಗಾಳಿ, ನೀವು ಬೆರಳು ನೋಡ್ಕಳಿ ಮಾವ ಅಂತ ವನಜಾ ಚೆಂಬು ಎತ್ತಿ ದೂರ ಇಟ್ಲು.

ಅವತ್ತಿಂದ ದಿನಾ ಸ್ಕೂಲಿಂದ ಬಂದು ಕಾಫಿ ಕುಡಿದವಳೇ ಅವರ ಪಕ್ಕ ಕೂರ್ತಾಳೆ. ತಪ್ಪಿದ್ದೇ ತಪ್ಪಿದ್ರೂ ಒಂದು ನಿಟ್ಟುಸಿರಿಲ್ಲ, ಅಯ್ಯೋ ಪಾಪ ಅನ್ನೋ ಮುಖ ಇಲ್ಲ. ಇನ್ನೊಂದ್ಸಲ ಮಾವ ಅಂತಾಳೆ, ಅಷ್ಟೆ. ಇನ್ನು ನಿಮ್ಮಪ್ಪ, ಆ ಚಿಕ್ಕನರಸಯ್ಯ ಮೇಷ್ಟ್ರು! ಸುತ್ತಲ ಊರಿನ ನಾಟಕದೋರನ್ನೆಲ್ಲ ಬೈದು ಬೈದು ಹಾಡಿಸ್ದೋರು, ಈಗ ಸರೀನಾ ಮೇಡಂ ಅಂತ ಸೊಸೇನ ಕೇಳ್ತಾರೆ. ಈ ವಯಸ್ಸಲ್ಲಿ ಮತ್ತೆ ಕಲಿಯೋಕೆ ಕೂರೋದು ಸಾಮಾನ್ಯ ಅಲ್ಲ ಕಣೋ. ಇಬ್ಬರಲ್ಲಿ ಯಾರನ್ನ ಹೆಚ್ಚು ಮೆಚ್ಚಬೇಕೋ ನಂಗೇ ತಿಳೀವಲ್ದು. ಕೈ ಕೂರೋವರೆಗೂ ಓಬಳಂಗೆ ಹೇಳಬೇಡಿ ಅಂತ ನಿಮ್ಮಪ್ಪ ಅಂದಿದ್ರು, ಅದಕ್ಕೇ ನಿಂಗೆ ಗೊತ್ತಾಗಿಲ್ಲ.

ನಿನ್ನೆ ಸಂಜೆ ಎಡಗೈಲೇ ಆ ಸ್ಕೇಲ್ ಪೂರ್ತಿ ಹತ್ತಿ ಪೂರ್ತಿ ಇಳಿದ್ರು. ಕೈ ಒಂದ್ಸಲಾನೂ ತಿದಿ ಹುಡುಕಲಿಲ್ಲ. ನಾನು ಬಾಗಿಲಲ್ಲೇ ನಿಂತ್ಬುಟ್ಟೆ, ಒಲೆ ಮೇಲಿದ್ದ ಸಾರು ತಳ ಹಿಡೀತು. ವನಜಾ ವೇಲಲ್ಲಿ ಮುಖ ಒರೆಸ್ಕಂಡು ಒಳಗೆ ಹೋದ್ಲು. ಗಾಡಿ ಬರೋ ವಿಷಯ ನಿಮ್ಮಪ್ಪಂಗೆ ಅವಳು ಹೇಳೇ ಇಲ್ಲ, ನಾನೂ ಹೇಳಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಓಬಳನರಸಿಂಹಸ್ವಾಮಿ ನಿನ್ನ ಕಣ್ಣನ್ನೂ ನಿನ್ನನ್ನೂ ಕಾಯಲಿ.

ನಿನ್ನ ಅಮ್ಮ,
ನರಸಿಂಹಮ್ಮ

ತಾ.ಕ.: ಕಾಗದ ಮಡಿಚೋ ಹೊತ್ತಿಗೆ ತುಮಕೂರಿನ ಮೇಡಂ ಫೋನ್ ಬಂದು ಗಾಡಿ ವಿಷಯ ನಿಮ್ಮಪ್ಪನ ಕಿವಿಗೆ ಬಿತ್ತು. ಕೂಗಾಡಲಿಲ್ಲ. ಅಟ್ಟದ ಮೇಲಿಂದ ಹಾರ್ಮೋನಿಯಂ ಇಳಿಸ್ರಿ ಅಂದ್ರು. ಸುಗ್ಗಿ ಆದ್ಮೇಲೆ ಕೊಳಾಲದ ಊರವರ ನಾಟಕಕ್ಕೆ ಎಡಗೈಲೇ ನುಡಿಸ್ತಾರಂತೆ. ತಿದಿಗೆ ಇನ್ನೊಂದು ಕೈ ಬೇಕಲ್ಲ, ನಾನೊತ್ತುತೀನಿ ಮಾವ ಅಂದ್ಲು ವನಜಾ. "ಬೇಡಮ್ಮ, ನಿನ್ನೆರಡು ಕೈಯೂ ಪಿಯಾನೊ ಮೇಲಿರಲಿ. ತಿದಿ ಒತ್ತೋಕೆ ಓಬಳನ್ನ ಕರ್ಸು" ಅಂದ್ರು. ಗಾಡಿ ಬೇಡ ಅಂತ ನೀನೇ ಅವಳಿಗೆ ಫೋನ್ ಮಾಡು. ರಜಾ ಕೇಳು.