ಹಿಮದ ಅಟ್ಟದಲ್ಲಿ ಅಡುಗೆ

ತದಡಿ ಬಂದರು
ಮೇ ತಿಂಗಳ ನಲವತ್ತೊಂದನೇ ತಾರೀಖು, 2231

ನಮಗಿಂತ ಮೊದಲು ಬಾಳಿದ ಮಾನ್ಯರೇ,

ತಾರೀಖು ನೋಡಿ, ಬರೆದವಳಿಗೆ ಲೆಕ್ಕ ಬಾರದೆಂದು ತಿಳಿಯಬೇಡಿ. ನಮ್ಮಲ್ಲಿ ಮಳೆ ಬಂದ ದಿನವೇ ಜೂನ್ ಶುರುವಾಗುವುದು. ಅಲ್ಲಿಯವರೆಗೆ ಮೇ ತಿಂಗಳನ್ನೇ ಎಳೆಯುತ್ತ ಹೋಗುತ್ತೇವೆ. ನನ್ನ ಕನ್ನಡವೂ ನಿಮಗೆ ತುಸು ಡೊಂಕಾಗಿ ಕೇಳಿಸಬಹುದು. ನಿಮ್ಮ ಕಾಲದ ಪುಟಗಳನ್ನು ಓದಿ ಕಲಿತ ಬರವಣಿಗೆ ಇದು. ಅಲ್ಲಲ್ಲಿ ನಮ್ಮ ಹೊಸ ಪದಗಳೂ ನುಸುಳುತ್ತವೆ, ಕ್ಷಮಿಸಿ. ಈ ಪತ್ರ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂಬುದನ್ನು ಮಾತ್ರ ಕೇಳಬೇಡಿ. ಕಳಿಸುವವರು ವಿವರಿಸಿದರು, ನಾನು ತಲೆಯಾಡಿಸಿದೆ, ಅಷ್ಟೇ.

ನನ್ನ ಹೆಸರು ಶೇವಂತಿ ಹರಿಕಂತ್ರ. ಬಲೆ ಹೆಣೆಯುವುದು, ಹರಿದದ್ದನ್ನು ಕಟ್ಟುವುದು ನನ್ನ ಕೆಲಸ. ನಿಮಗೆ ಬರೆಯಲು ಕಾರಣ, ಹಡಗುಗಳ ಬಗ್ಗೆ ನೀವು ಬರೆದಿಟ್ಟ ಪುಟಗಳು. ಯಾವ ಹಡಗಿನ ಬಫೆಯಲ್ಲಿ ಸೀಗಡಿ ತಾಜಾ, ಯಾವುದರಲ್ಲಿ ಐಸ್‌ಕ್ರೀಮ್ ಬಿಟ್ಟಿ, ಯಾವುದರಲ್ಲಿ ಕಾಫಿಗೆ ಬೇರೆ ಹಣ, ಈಜುಕೊಳದ ಪಕ್ಕದ ಕುರ್ಚಿ ಹಿಡಿಯಲು ಎಷ್ಟು ಬೇಗ ಏಳಬೇಕು, ಹೀಗೆ ಒಂದಕ್ಕೊಂದು ಹೋಲಿಸಿ ಎಷ್ಟು ಶ್ರದ್ಧೆಯಿಂದ ಬರೆದಿದ್ದೀರಿ! ನಮಗೆ ಸೋಜಿಗವೆನಿಸಿದ್ದು ಬೇರೆಯೇ. ಊರಿನಲ್ಲಿ ಮನೆ ಗಟ್ಟಿಯಾಗಿ ನಿಂತಿರುವಾಗಲೂ ನೀವು ಬರೀ ಖುಷಿಗೆಂದು ಹಡಗು ಹತ್ತುತ್ತಿದ್ದಿರಂತೆ. ನಮಗೆ ಹಾಗಲ್ಲ. ಮಳೆಗಾಲದ ನಾಲ್ಕು ತಿಂಗಳು ಕಡಲು ನಮ್ಮ ಅಂಗಳಕ್ಕೆ, ಕೆಲವೊಮ್ಮೆ ಮನೆಯ ಮಾಡಿಗೂ ಬರುತ್ತದೆ. ಆಗ ಊರಿಗೆ ಊರೇ ಹಡಗು ಹತ್ತಿ ಭೂಮಧ್ಯರೇಖೆಯ ಆಚೆಗಿನ ಶಾಂತ ನೀರಿಗೆ ಹೋಗಿ, ದಸರೆಯ ಹೊತ್ತಿಗೆ ಮರಳುತ್ತದೆ. ಇದನ್ನು ಕಡಲವಾಸ ಎನ್ನುತ್ತೇವೆ. ವರ್ಷದ ಮೂರರಲ್ಲಿ ಒಂದು ಪಾಲು ಉಣ್ಣುವುದು, ಮಲಗುವುದು, ಹೆರುವುದು, ಸಾಯುವುದು ಎಲ್ಲವೂ ಹಡಗಿನಲ್ಲೇ. ಹಾಗಾಗಿ ಯಾವ ಹಡಗಿನ ಊಟ ಹೇಗಿದೆ ಎಂಬುದು ನಮ್ಮಲ್ಲಿ ಊರಿನ ತೀರ್ಮಾನ.

ಆ ತೀರ್ಮಾನಕ್ಕಾಗಿ ಪ್ರತಿ ಊರು ಇಬ್ಬರನ್ನು ಆರಿಸುತ್ತದೆ. ಅವರನ್ನು ನೋಡಿಬಂದವರು ಎನ್ನುತ್ತಾರೆ. ಹವೆ ಚೆನ್ನಾಗಿರುವಾಗ ಒಂದೊಂದು ಕಂಪನಿಯ ಹಡಗಿನಲ್ಲೂ, ವರ್ಷವಿಡೀ ಅಲ್ಲೇ ಇರುವ ಬೇರೆ ಊರಿನವರ ಜೊತೆ ಕೆಲವು ದಿನ ಇದ್ದು, ಉಂಡು, ನೋಡಿ ಬಂದು ಊರಿಗೆ ಹೇಳಬೇಕು. ಇಬ್ಬರ ಮಾತೂ ಒಂದಾದರೆ ಸರಿ. ಆಗದಿದ್ದರೆ ಊರು ಎರಡು ಹಡಗಿಗೆ ಹಂಚಿಹೋಗುತ್ತದೆ. ತದಡಿಗೆ ಆ ಗತಿ ಒಮ್ಮೆ ಬಂದಿತ್ತು. ನಾನಾಗ ಮದುವೆಯಾದ ಹೊಸತು. ನನ್ನ ಅಕ್ಕ ತುಳಸಿ ಗಂಡನ ಕಡೆಯವರೊಂದಿಗೆ ಇನ್ನೊಂದು ಹಡಗು ಹತ್ತಿದಳು. ಆ ಕಂಪನಿ ಅವರಿಗೆ ಆಫ್ರಿಕದ ದಂಡೆಯಲ್ಲಿ ಎತ್ತರದ ಜಾಗ ತೋರಿಸಿತು, ಅವರು ಅಲ್ಲೇ ನಿಂತುಬಿಟ್ಟರು. ನಮ್ಮ ಶಾಲೆಯಲ್ಲಿ ಇವತ್ತಿಗೂ ಅರ್ಧದಷ್ಟು ಬೆಂಚುಗಳು ಖಾಲಿ.

ಹೋದ ವರ್ಷ ನೋಡಿಬಂದವರಾಗಿ ಊರು ನನ್ನನ್ನೂ ಇನಾಸ್ ಲೋಪಿಸನನ್ನೂ ಆರಿಸಿತು. ಇನಾಸ್ ದೋಣಿಯ ಯಂತ್ರ ರಿಪೇರಿ ಮಾಡುವವನು, ಐವತ್ತು ದಾಟಿದವನು, ಹಟಮಾರಿ. ನಮ್ಮಿಬ್ಬರಿಗೂ ಬಂದರಿನ ಜಾಗದ ವಿಷಯಕ್ಕೆ ಹಿಂದೊಮ್ಮೆ ಜಗಳವಾಗಿ ಮಾತು ಕಡಿಮೆಯಾಗಿತ್ತು. ಹೊರಟ ದಿನ ಅವನು ಹೇಳಿದ್ದು ಇಷ್ಟೇ: "ನೋಡು ಮಾರಾಯ್ತಿ, ನಂಗೆ ಚಂದ್ರಕಲಾ ಹಡಗೇ ಬೇಕು. ಉಳ್ದದ್ದು ನೀನು ನೋಡ್ಕ."

ಚಂದ್ರಕಲಾ ಎಂಬುದು ಮೂರು ಕಂಪನಿಗಳಲ್ಲಿ ದೊಡ್ಡದರ ಹಡಗು. ಅದರ ವೈಭವವನ್ನು ನಿಮ್ಮ ಕಾಲದವರು ನೋಡಬೇಕಿತ್ತು. ಹನ್ನೊಂದು ಊಟದ ಮನೆಗಳು, ಒಂದೊಂದಕ್ಕೂ ಬೇರೆ ಬೇರೆ ಆಕಾಶ. ಒಂದರಲ್ಲಿ ಯಾವಾಗಲೂ ಸಂಜೆ, ಇನ್ನೊಂದರಲ್ಲಿ ಆಗತಾನೇ ಮಳೆ ನಿಂತ ಬೆಳಗು. ಕೂತ ತಕ್ಷಣ ಒಂದು ಸಣ್ಣ ಚಮಚವನ್ನು ನಾಲಿಗೆಗೆ ತಾಗಿಸುತ್ತಾರೆ. ಅಷ್ಟರಿಂದಲೇ ನಿಮ್ಮ ದೇಹಕ್ಕೆ ಏನು ಬೇಕು, ನಾಲಿಗೆಗೆ ಏನು ಇಷ್ಟ ಎಂದು ಅಡುಗೆಯಂತ್ರ ತಿಳಿದುಕೊಂಡು ತಟ್ಟೆ ಕಳಿಸುತ್ತದೆ. ನನಗೆ ಬಂದದ್ದು ಬಂಗುಡೆ ಹುಳಿ. ನನ್ನ ಕೈಯಲ್ಲೂ ಅಷ್ಟು ಹದವಾಗಿ ಬರುವುದಿಲ್ಲ ಎಂಬುದನ್ನು ಒಪ್ಪಲೇಬೇಕಾಯಿತು. ಮೇಲಿನ ಅಟ್ಟದಲ್ಲಿ ಹಿಮ! ನಿಜವಾದ ಹಿಮ, ಮೊಣಕಾಲು ಮುಚ್ಚುವಷ್ಟು. ಕರಾವಳಿಯಲ್ಲಿ ಹುಟ್ಟಿ ಬೆವರುತ್ತಲೇ ಬೆಳೆದ ನಾನು ಮೊದಲ ದಿನ ಅಲ್ಲಿ ಮಗುವಿನಂತೆ ಹೊರಳಾಡಿದೆ. ಇನಾಸ್ ನೋಡಿ ನಕ್ಕ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಇನಾಸನ ತಟ್ಟೆಯಲ್ಲಿದ್ದ ಸಿಹಿ ಅಪ್ಪ ನೋಡಿ ಒಂದು ಚೂರು ಮುರಿಯಲು ಕೈಚಾಚಿದೆ. ಬಡಿಸುವವಳು ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. ಪ್ರತಿಯೊಬ್ಬರ ಊಟದಲ್ಲೂ ಅವರವರ ಔಷಧ ಬೆರೆತಿರುತ್ತದೆ. ಒಬ್ಬರದ್ದು ಇನ್ನೊಬ್ಬರು ತಿಂದರೆ ಅಪಾಯ. ಆಮೇಲೆ ಸುತ್ತ ಕಣ್ಣು ಹಾಯಿಸಿದೆ. ಆ ಸಂಜೆಯ ಆಕಾಶದ ಕೆಳಗೆ ಯಾರೂ ಯಾರಿಗೂ ಏನೂ ಕೊಡುತ್ತಿರಲಿಲ್ಲ. ತಾಯಂದಿರು ಮಕ್ಕಳ ತಟ್ಟೆಯತ್ತ ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಆವತ್ತೇ ನಾನು ಮನಸ್ಸಿನಲ್ಲಿ ಈ ಹಡಗಿಗೆ ಅಡ್ಡಗೆರೆ ಎಳೆದೆ.

ಎರಡನೆಯ ಕಂಪನಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಲ್ಲಿ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಒಂದೇ ಬೂದುಬಣ್ಣದ ತುಂಡು ಕೊಡುತ್ತಾರೆ. ಪೂರ್ಣಾನ್ನ ಎಂದು ಅದರ ಹೆಸರು. ಉಳಿದ ಹೊತ್ತೆಲ್ಲ ಓದು, ಈಜು, ವ್ಯಾಯಾಮ. ಅಲ್ಲಿದ್ದ ಜನ ಸುಖವಾಗಿಯೇ ಇದ್ದರು. ಊಟದ ರಗಳೆಯೇ ಇಲ್ಲವಲ್ಲ ಎಂದು ನಮ್ಮನ್ನೇ ಕನಿಕರದಿಂದ ನೋಡಿದರು. ಇನಾಸ್ ಒಂದು ತುಂಡನ್ನು ಬಹಳ ಹೊತ್ತು ಅಗಿದು, "ಇದ್ರಲ್ಲಿ ದೋಣಿ ತೂತು ಮುಚ್ಚೂಕೆ ಆಗ್ತದೆ" ಎಂದ. ಆ ಒಂದು ವಿಷಯದಲ್ಲಿ ನಮಗೆ ಒಮ್ಮತವಿತ್ತು.

ಮೂರನೆಯದು ಒಲೆಮನೆ ಎಂಬ ಹಳೆಯ ಹಡಗು. ಅದನ್ನು ಹತ್ತುವ ಮೊದಲೇ ಮೂಗು ನನಗೆ ಸುದ್ದಿ ಹೇಳಿತು: ಸುಟ್ಟ ಮೀನು, ಒಗ್ಗರಣೆಯ ಬೆಳ್ಳುಳ್ಳಿ, ಯಾರದೋ ಹಾಲು ಉಕ್ಕಿದ ವಾಸನೆ. ಅಲ್ಲಿ ಕಂಪನಿ ಅಡುಗೆ ಮಾಡುವುದಿಲ್ಲ. ಒಲೆ, ಪಾತ್ರೆ, ಸಾಮಾನು ಕೊಡುತ್ತದೆ; ಊರವರೇ ಸೇರಿ ಮಾಡಿಕೊಳ್ಳಬೇಕು. ಸವಲತ್ತು ಎಂದರೆ ಒಂದು ಈಜುಕೊಳ, ಅದರಲ್ಲೂ ಏಡಿ ಬಿಟ್ಟಿದ್ದರು. ಗುಮಟೆ ವಾದ್ಯ ಬಡಿಯುವವರಿಗೂ ಮಲಗುವವರಿಗೂ ಒಂದೇ ಜಾಗ. ಒಲೆಯ ಸರದಿಗೆ ಜಗಳ, ಜಗಳ ಮುಗಿಯುವ ಮೊದಲೇ ಬಟ್ಟಲಲ್ಲಿ ಸಾರು. ಗುರುತಿಲ್ಲದ ಹೆಂಗಸೊಬ್ಬಳು ನನ್ನ ತಟ್ಟೆಗೆ ಕಲ್ವ ಸುಕ್ಕ ಹಾಕಿ, "ತಿನ್ನೇ, ಎಂತಾ ನೋಡ್ತೆ" ಎಂದು ಗದರಿದಾಗ ನನ್ನ ಕಣ್ಣು ತುಂಬಿತು. ಇದೇ ನಮ್ಮ ಹಡಗು ಎಂದುಕೊಂಡೆ.

ಆ ಕಲ್ವ, ಅಂದರೆ ನೀವು ಚಿಪ್ಪುಮೀನು ಎನ್ನುವುದು, ಕೆಟ್ಟಿತ್ತು. ಮರುದಿನ ಹಡಗಿನ ಅರ್ಧ ಜನ ಹೊಟ್ಟೆ ಹಿಡಿದುಕೊಂಡು ಮಲಗಿದರು. ನನಗೆ ಹೇಗೋ ಏನೂ ಆಗಲಿಲ್ಲ. ಇನಾಸ್ ಮಾತ್ರ ಒಣಗಿದ ಬಲೆಯಂತಾದ. ಇದ್ದ ಒಬ್ಬ ವೈದ್ಯೆ ಹಸುಗೂಸುಗಳ ನಡುವೆಯೇ ಓಡಾಡುತ್ತಿದ್ದಳು. ಒಂದು ಕೂಸಿನ ಕಣ್ಣು ಒಳಕ್ಕೆ ಹೋಗಿದ್ದನ್ನು ನಾನೇ ನೋಡಿದೆ. ಅದು ಬದುಕಿತು. ಆದರೆ ಅದರ ತಾಯಿ ಅಳುವುದನ್ನೂ ಮರೆತು ಕೂತಿದ್ದ ರೀತಿ ನನ್ನೊಳಗಿನ ತೀರ್ಮಾನವನ್ನು ಅಲ್ಲಾಡಿಸಿಬಿಟ್ಟಿತು.

ಇನಾಸನಿಗೆ ನಾನು ಗಂಜಿ ಮಾಡಿ ಕುಡಿಸಿದೆ. ಎದ್ದು ಕೂರುವಷ್ಟಾದ ಮೇಲೆ ಅವನು ಬಟ್ಟಲು ಕೆಳಗಿಟ್ಟು, ನನ್ನ ಮುಖ ನೋಡದೆ ಮಾತಾಡಿದ.

"ಶೇವಂತಿ, ನಮ್ಮ ರೋಜಿನಿಗೆ ಗಂಟಲು ಪೂರ್ತಿ ಸೋತದೆ. ಒಂದ್ ಅಗಳು ಇಳಿಯೂದಿಲ್ಲ. ಮೂಗಿನ ಕೊಳವೆಯಲ್ಲೇ ಎಲ್ಲಾ."

ರೋಜಿನ್ ಅವನ ಹೆಂಡತಿ. ಆಕೆ ಹೊರಗೆ ಬರುವುದು ಕಡಿಮೆಯಾದದ್ದು ನಮಗೆಲ್ಲ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

"ಚಂದ್ರಕಲಾದ ಯಂತ್ರ ಅವಳ ಗಂಟಲಿಗೆ ಇಳಿಯೂ ಹಾಂಗೆ ಊಟ ಮಾಡ್ತದೆ. ರುಚಿ ಸಮೇತ. ನಾನೇ ಕೇಳಿ ನೋಡ್ದೆ."

"ಮೊದ್ಲೇ ಹೇಳೂಕೆ ಎಂತಾ ಆಗಿತ್ತು ನಿಂಗೆ?"

"ಹೇಳಿದ್ರೆ? ಇನಾಸ್ ತನ್ನ ಹೆಂಡ್ತಿ ಸಲುವಾಗಿ ಊರನ್ನೇ ಎಳ್ಕೊಂಡ್ ಹೋಗ್ತಾ ಅನ್ನೂದಿಲ್ವಾ ಜನ?"

ಅನ್ನುವವರಲ್ಲಿ ನಾನೇ ಮೊದಲನೆಯವಳಾಗುತ್ತಿದ್ದೆನೋ ಏನೋ. ಹೊರಗೆ ಅಷ್ಟರಲ್ಲಿ ಯಾರೋ ಮತ್ತೆ ಒಲೆ ಹಚ್ಚಿದ್ದರು. ಒಗ್ಗರಣೆಯ ಸದ್ದು ಕೇಳಿ, ಅಷ್ಟು ಸೋತಿದ್ದವನೂ ಬಾಗಿಲ ಕಡೆ ತಿರುಗಿದ. "ಈ ವಾಸನೆ ಮಾತ್ರ ಅಡ್ಡಿಲ್ಲ ಹಾಂ. ರೋಜಿನಿಗೆ ಇಂಥದ್ದೇ ಬೇಕು" ಎಂದ.

ಊರಿಗೆ ಮರಳುವ ದಾರಿಯಲ್ಲಿ ನಾವಿಬ್ಬರೂ ಮತ್ತೆ ಚಂದ್ರಕಲಾ ಹತ್ತಿದೆವು. ಅಲ್ಲಿನ ಆತಿಥ್ಯದ ಮುಖ್ಯಸ್ಥೆ ಕುಮುದಿನಿ ಪಾವಸ್ಕರ ಎಂಬುವರನ್ನು ಕಂಡು, ಔಷಧವಿಲ್ಲದ ಅಡುಗೆಗೆ ಒಂದು ಜಾಗ ಕೊಡಿ ಎಂದು ಕೇಳಿದೆವು. ಯಂತ್ರದ ಊಟ ಬೇಕಾದವರಿಗೆ ಅದಿರಲಿ. ಉಳಿದವರು ತಾವೇ ಮಾಡಿ ಹಂಚಿಕೊಂಡು ತಿನ್ನಲಿ. ಒಲೆಗೆ ಹೋಗುವ ಮೀನು, ನೀರು ಎಲ್ಲವನ್ನೂ ಹಡಗಿನ ವೈದ್ಯರು ಪರೀಕ್ಷಿಸಲಿ. ಅವರು ಮೊದಲು ಆಗದು ಎಂದರು. ಇನಾಸ್ ಹಡಗಿನ ಗಾಳಿಕೊಳವೆ, ನೀರಿನ ದಾರಿ, ಬೆಂಕಿಯ ಕಾವಲು ಎಲ್ಲವನ್ನೂ ಅವರೊಂದಿಗೇ ನಡೆದು ನೋಡಿದ. ಕೊನೆಗೆ ಕುಮುದಿನಿಯವರು ಹೇಳಿದರು: "ಹೊಗೆ ಹೊರಹೋಗುವ, ನೀರು ಹರಿಯುವ ಜಾಗ ಇಡೀ ಹಡಗಿನಲ್ಲಿ ಒಂದೇ ಇದೆ. ಹಿಮದ ಅಟ್ಟ. ಹಿಮ ಬೇಡ ಅನ್ನುವುದಾದರೆ ಒಲೆ ಕೊಡುತ್ತೇನೆ. ಎರಡೂ ಆಗುವುದಿಲ್ಲ."

ಆ ಹಿಮದ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ತದಡಿಯ ಮಕ್ಕಳೆಲ್ಲ ಆಗಲೇ ಹಳೆಯ ದೋಣಿಯ ಹಲಗೆಗಳನ್ನು ಉಜ್ಜಿ ಜಾರುಗಾಡಿ ಮಾಡಿಕೊಂಡಿದ್ದರು. ಮೀನು ಹರಾಜಿನ ಕಟ್ಟೆಯ ಮೇಲೆ ಊರು ಸೇರಿತು. ಹಿಮ ಬಿಟ್ಟರೆ ಒಲೆ ಎಂಬ ಕರಾರನ್ನು ನಾನು ಹೇಳಿದೆ. ಇನಾಸ್ ಎದ್ದು ನಿಂತು, ರೋಜಿನ್‌ಳ ಗಂಟಲಿನ ವಿಷಯವನ್ನು ತಾನೇ ಎಲ್ಲರೆದುರು ಹೇಳಿದ. ಯಾರೂ ಅವನಂದುಕೊಂಡ ಮಾತನ್ನು ಆಡಲಿಲ್ಲ. ಆದರೆ ಮಕ್ಕಳ ಪರವಾಗಿ ಶಾಲೆಯ ಮಾಸ್ತರರು ಎದ್ದು, "ಒಲೆ ನಮ್ಮ ಮನೇಲೂ ಅದೆ ಶೇವಂತಿ. ಹಿಮ ಎಲ್ಲಿ ಅದೆ? ಈ ಮಕ್ಕಳು ಇನ್ಯಾವಾಗ ನೋಡ್ಬೇಕು?" ಎಂದರು. ನ್ಯಾಯವಾದ ಪ್ರಶ್ನೆ. ಹಿಮದಲ್ಲಿ ಹೊರಳಾಡಿದವಳು ನಾನೇ ತಾನೇ?

ಆಗ ನಾನು ತುಳಸಿಯ ಮಾತು ತೆಗೆದೆ. ಅಕ್ಕ ಈಗಲೂ ಪರದೆಯಲ್ಲಿ ಕಾಣುತ್ತಾಳೆ, ನಗುತ್ತಾಳೆ. ಆದರೆ ಅವಳು ಕೊನೆಯ ಸಲ ನನಗೆ ಬಡಿಸಿದ್ದೇನು ಎಂಬುದೇ ನನಗೆ ನೆನಪಿಲ್ಲ, ಏಕೆಂದರೆ ಅದು ಕೊನೆಯದೆಂದು ಯಾರೂ ಹೇಳಿರಲಿಲ್ಲ. "ನಂಗೂ ಹಿಮ ಬೇಕು. ಆದ್ರೆ ಮತ್ತೊಂದ್ಸಲ ಊರು ಒಡೆಯೂದು ಬೇಡ" ಎಂದಷ್ಟೇ ಹೇಳಿ ಕೂತೆ. ಬಹಳ ಹೊತ್ತು ಮಾತಾಯಿತು, ಕೂಗಾಟವೂ ಆಯಿತು. ಕಡೆಗೆ ಮಾಸ್ತರರೇ ದಾರಿ ಕಂಡರು. ಭೂಮಧ್ಯರೇಖೆ ದಾಟುವವರೆಗೆ ಹಿಮ ಇರಲಿ, ದಾಟಿದ ಮೇಲೆ ಕರಗಿಸಿ ಒಲೆ ಹಚ್ಚಲಿ. ಪರದೆಯಲ್ಲಿ ಕೇಳಿದಾಗ ಕುಮುದಿನಿಯವರೂ ಒಪ್ಪಿದರು. ಕೈ ಎತ್ತದವರೂ ಇದ್ದರು. ಬೇರೆ ಹಡಗಿಗೆ ಹೋಗುತ್ತೇವೆ ಎಂದವರು ಯಾರೂ ಇರಲಿಲ್ಲ.

ಹಾಗೆ ಹೋದ ಮಳೆಗಾಲದಲ್ಲಿ ಇಡೀ ತದಡಿ ಒಂದೇ ಹಡಗಿನಲ್ಲಿ ಹೊರಟಿತು. ಮಕ್ಕಳು ತುಟಿ ನೀಲಿಗಟ್ಟುವವರೆಗೆ ಜಾರಿದರು. ರೇಖೆ ದಾಟಿದ ಬೆಳಿಗ್ಗೆ ಹಿಮ ಕರಗಿ ಹರಿಯುವಾಗ ಕೆಲವರು ನಿಜವಾಗಿಯೂ ಅತ್ತರು. ಅದೇ ಮಧ್ಯಾಹ್ನ ನಾವು ಒದ್ದೆ ನೆಲದ ಮೇಲೆ ಒಲೆ ಹೂಡಿದೆವು. ವೈದ್ಯರು ಬಂಗುಡೆಯ ಕಿವಿರು ಬಿಡಿಸಿ ನೋಡಿ ತಲೆಯಾಡಿಸಿದ ಮೇಲೆ ಮಡಕೆ ಏರಿತು.

ರೋಜಿನ್ ತನ್ನ ಯಂತ್ರದ ಊಟದ ಲೋಟ ಹಿಡಿದು ನಮ್ಮ ಪಂಕ್ತಿಯಲ್ಲೇ ಬಂದು ಕೂತಳು. ತಿಂಗಳುಗಳ ನಂತರ ಊರು ಅವಳನ್ನು ನೋಡಿದ್ದು ಆಗಲೇ. ಮೈ ಸ್ವಲ್ಪ ತುಂಬಿತ್ತು. ನಮ್ಮ ಸಾರನ್ನು ಅವಳು ಕುಡಿಯುವಂತಿರಲಿಲ್ಲ. ಆದರೂ ಎದ್ದು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ವೈದ್ಯರ ಕಡೆ ಒಮ್ಮೆ ನೋಡಿ, ಒಂದೇ ಒಂದು ಹನಿಯನ್ನು ಬೆರಳತುದಿಯಿಂದ ನಾಲಿಗೆಗೆ ತಾಗಿಸಿದಳು. ಸೋತ ಗಂಟಲಿನಿಂದ ಗಾಳಿಯಂಥ ದನಿ ಹೊರಟಿತು.

"ಉಪ್ಪು ಸಾಲ್ದು, ಶೇವಂತಿ. ಯಾರ್ ಮಾಡಿದ್ದು ಇದು?"

ಎಲ್ಲರೂ ನಕ್ಕರು, ನಾನು ಉಪ್ಪಿನ ಡಬ್ಬಿ ಹುಡುಕಿದೆ. ಆವತ್ತಿನಿಂದ ಕಡಲವಾಸ ಮುಗಿಯುವವರೆಗೂ ರೋಜಿನ್ ಹೂಂ ಅನ್ನದೆ ಒಂದು ಮಡಕೆಯೂ ಒಲೆಯಿಂದ ಇಳಿಯಲಿಲ್ಲ.

ಮಾನ್ಯರೇ, ಈ ವರ್ಷದ ಗಂಟುಮೂಟೆ ಕಟ್ಟಿಯಾಗಿದೆ. ಕೆಳಗೆ ನನ್ನನ್ನು ಕೂಗುತ್ತಿದ್ದಾರೆ. ನಿಮ್ಮಲ್ಲೂ ಈಗ ಊಟದ ಹೊತ್ತೇನೋ. ಒಂದು ವಿನಂತಿ. ಏನು ತಿಂದಿರಿ ಎಂಬುದರ ಜೊತೆಗೆ ಪಕ್ಕದಲ್ಲಿ ಯಾರು ಕೂತಿದ್ದರು, ಯಾರು ಬಡಿಸಿದರು, ಸಾರಿಗೆ ಉಪ್ಪು ಸಾಲದೆಂದು ಯಾರು ಅಂದರು, ಅದನ್ನೂ ಬರೆದಿಡಿ. ಓದುವುದಕ್ಕೆ ನಾವಿದ್ದೇವೆ.

ಇಂತಿ,
ಶೇವಂತಿ ಹರಿಕಂತ್ರ