ಅಪ್ಪನ ಹಳೆಯ ಟೇಪು

ರಿಯೊಬಾಂಬಾ,
ಭಾನುವಾರ, 18 ಆಗಸ್ಟ್ 1991

ನನ್ನ ಮುದ್ದು ರೆಬೆಕಾ,

ಗುವಾಯಾಕಿಲ್‌ನ ಸೆಕೆಯಲ್ಲಿ ನೀನು, ನಿನ್ನ ಗಂಡ ಸೆಗುಂದೊ, ಆ ಹಾಲುಗಲ್ಲದ ಕೂಸು ಮೂವರೂ ಸುಖವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಇಲ್ಲಿ ಬೆಟ್ಟದ ಗಾಳಿ ಎಂದಿನಂತೆ ಕಿವಿ ಕಚ್ಚುತ್ತಿದೆ.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. "ಬೆಳಗಿನ ಜಾವ ರೇಡಿಯೋದಲ್ಲಿ ಅಪ್ಪನ ಬೈಬಲ್ ಪ್ರಸಂಗ ಕೇಳ್ತೀನವ್ವಾ, ಅಪ್ಪನಿಗೆ ಹತ್ತು ವರ್ಷ ವಯಸ್ಸು ಇಳಿದ ಹಾಗಿದೆ, ಏನು ತಿನ್ನಿಸ್ತಿದ್ದೀಯ?" ಎಂದು ಕೇಳಿದ್ದೀಯಲ್ಲ. ಇಳಿಯದೆ ಏನು ಮಾಡೀತು ಮಗಳೇ, ಅದು ಹತ್ತು ವರ್ಷದ ಹಿಂದಿನ ದನಿಯೇ. ಈಸ್ಟರ್ ಹಬ್ಬದಿಂದ ಈಚೆಗೆ ನೀವೆಲ್ಲ ಕೇಳುತ್ತಿರುವುದು ಟೇಪು.

ನಿನಗೆ ಹೇಳಬಾರದೆಂದು ನಿನ್ನಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ಇವತ್ತು ಮುರಿಯುತ್ತಿದ್ದೇನೆ. ಬೈಯುವುದಾದರೆ ಬೈಯಲಿ, ಬೈಯಲು ದನಿಯೆಲ್ಲಿದೆ ಅವರಿಗೆ? ಬಾಯಿ ತೆರೆದರೆ ಒಡಕು ಕೊಳಲು ಊದಿದ ಹಾಗೆ ಬರೀ ಗಾಳಿ. ಕೀಟೋ ಆಸ್ಪತ್ರೆಯ ಡಾಕ್ಟರು ಗಂಟಲೊಳಗೆ ಕನ್ನಡಿ ಹಿಡಿದು ನೋಡಿ, ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತೀರಿ, ತಡ ಮಾಡಿದರೆ ನಾನು ಹೊಣೆಯಲ್ಲ ಎಂದರು. ನಿನ್ನಪ್ಪ ಎದ್ದು ಹ್ಯಾಟು ಹಾಕಿಕೊಂಡು ಹೊರಗೆ ನಡೆದೇ ಬಿಟ್ಟರು. ನಾನು ಡಾಕ್ಟರಿಗೆ ಕೈ ಮುಗಿದು ಹಿಂದೆ ಓಡಿದೆ.

ಅಂದಿನಿಂದ ಮನೆಯಲ್ಲಿ ಒಂದೇ ಜಗಳ. "ದೇವರು ಕೊಟ್ಟ ದನಿ, ಪೆಟ್ರೋನಾ. ಅದನ್ನ ಕತ್ತಿಗೆ ಕೊಟ್ಟು ನಾನು ಯಾರಾಗಿ ಉಳೀಲಿ?" ಎಂದು ಅವರು ಪಿಸುಗುಟ್ಟುವುದು. "ನನ್ನ ಗಂಡನಾಗಿ ಉಳೀರಿ, ಅದೇನು ಸಣ್ಣ ಕೆಲಸವಾ?" ಎಂದು ನಾನು ಕೂಗುವುದು. ಅಕ್ಕಪಕ್ಕದವರಿಗೆ ನನ್ನ ಕೂಗು ಮಾತ್ರ ಕೇಳಿಸುತ್ತದಲ್ಲ, ಪೆಟ್ರೋನಾಳಿಗೆ ಹುಚ್ಚು ಹಿಡಿದಿದೆ, ಒಬ್ಬಳೇ ಜಗಳವಾಡುತ್ತಾಳೆ ಎಂದು ಹಬ್ಬಿಸಿದ್ದಾರೆ.

ಅವರ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ಧಣಿಯ ಕುರಿ ಕಾಯುತ್ತಿದ್ದವರು, ಧಣಿಯ ಮುಂದೆ ತಲೆಯೆತ್ತಿ ಮಾತಾಡಿದರೆ ಬೆನ್ನಿಗೆ ಚಾಟಿ. ಅಂಥವರು ಪಾಸ್ಟರಾಗಿ, ನಮ್ಮದೇ ಕಿಚುವಾ ಮಾತಿನಲ್ಲಿ, ಮೈಕಿನ ಮುಂದೆ, "ಏಳಿ ಸಹೋದರರೇ, ದೇವರು ನಿಮ್ಮನ್ನ ಹೆಸರು ಹಿಡಿದು ಕರೀತಿದ್ದಾನೆ" ಎಂದ ದಿನ, ಗುಡಿಸಲುಗಳಲ್ಲಿ ಒಲೆ ಹಚ್ಚುತ್ತಿದ್ದ ಹೆಂಗಸರು ಊದುಗೊಳವೆ ಹಿಡಿದುಕೊಂಡೇ ಕೂತುಬಿಟ್ಟರಂತೆ. ಆ ದನಿ ಕೇಳಿ ಕುಡಿತ ಬಿಟ್ಟವರೆಷ್ಟೋ, ಹೆಂಡತಿಗೆ ಹೊಡೆಯುವುದು ಬಿಟ್ಟವರೆಷ್ಟೋ. ನಿನ್ನಪ್ಪನ ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಇವರು ಮಾರಿಯಲ್ಲ, ಮನೆಗೆ ಮೂಕ. ಮೈಕಿನ ಮುಂದೆ ಅಷ್ಟು ಮಾತು ಸುರಿದು ಬಂದವರು ನನ್ನ ಮುಂದೆ "ಉಪ್ಪು ಕಡಿಮೆ" ಎನ್ನಲೂ ಸೋಮಾರಿ.

ಟೇಪಿನ ಉಪಾಯ ರೇಡಿಯೋ ಕೇಂದ್ರದಲ್ಲಿ ಯಂತ್ರ ನೋಡಿಕೊಳ್ಳುವ ಇಸಿದ್ರೋನದು. ಪಾಸ್ಟರಿಗೆ ನೆಗಡಿ, ವಾಸಿಯಾಗುವ ತನಕ ಹಳೆಯದನ್ನೇ ಹಾಕೋಣ ಎಂದ. ನೆಗಡಿ ಬೆಳೆದು ತಿಂಗಳುಗಳಾದವು. ಹಬ್ಬ ಹರಿದಿನ, ಸತ್ತವರ ಹೆಸರು ಬರುವ ಟೇಪುಗಳನ್ನು ನಾನೇ ಕೇಳಿ ಕೇಳಿ ಬೇರೆ ಇಡುತ್ತಿದ್ದೆ. ಆದರೂ ಒಂದು ಕಣ್ತಪ್ಪಿತು. ಹೋದ ಸೋಮವಾರ ಪ್ರಸಂಗ ಮುಗಿದು, ಹಾಡೂ ಮುಗಿದ ಮೇಲೆ, ಟೇಪಿನ ಬಾಲದಲ್ಲಿ ನಿನ್ನಪ್ಪನ ದನಿ ಖಣಖಣ ಎಂದಿತು: "ಯಾನಾಕುಚದ ಸಹೋದರರೇ, ಈ ಶನಿವಾರ ನಿಮ್ಮೂರಿಗೆ ಬರ್ತಿದ್ದೀನಿ. ದೀಕ್ಷಾಸ್ನಾನಕ್ಕೆ ತೊರೆ ಕಟ್ಟಿ ನೀರು ನಿಲ್ಲಿಸಿಡಿ."

ಆಲೂಗಡ್ಡೆ ಸುಲಿಯುತ್ತಿದ್ದ ನನ್ನ ಕೈ ನಿಂತಿತು. ಆ ಶನಿವಾರ ಬಂದು ಹೋಗಿ ಎಷ್ಟು ವರ್ಷವಾಯಿತೋ. ಆಗ ದಾರಿ ಕುಸಿದು ನಿನ್ನಪ್ಪ ಹೋಗಿರಲೇ ಇಲ್ಲ, ಆಮೇಲೆ ಮರೆತೇಹೋಗಿತ್ತು. ಬುಧವಾರ ಎರಡು ಬೆಟ್ಟ ದಾಟಿ ಯಾನಾಕುಚದ ಫೆಲಿಸಿಯಾನೊ ನಮ್ಮ ಬಾಗಿಲಿಗೆ ಬಂದ. ನಿನ್ನಪ್ಪ ಒಳಗೆ ಮಲಗಿದ್ದರು. "ಅವ್ವಾ, ಅಂತೂ ಪಾಸ್ಟರಿಗೆ ನಮ್ಮ ನೆನಪು ಬಂತಲ್ಲ! ಹುಲ್ಲುಹೆಂಟೆ ಪೇರಿಸಿ ಒಡ್ಡು ಕಟ್ಟಿದ್ದೀವಿ, ಔತಣಕ್ಕೆ ಗಿನಿಯಿಲಿ ಕೊಬ್ಬಿಸ್ತಿದ್ದೀವಿ" ಎಂದ. ಪಾಸ್ಟರಿಗೆ ಕೆಮ್ಮು ಎಂದು ಜಾರಿಕೊಳ್ಳಲು ನೋಡಿದೆ. "ಕೆಮ್ಮಲಿ ಬಿಡಿ, ನಮ್ಮೂರಲ್ಲಿ ಅರ್ಧ ಜನ ಕೆಮ್ಮೋರೇ" ಎಂದು ನಗುತ್ತ ಹೋದ.

"ಹೋಗ್ಬೇಡಿ" ಎಂದು ನಿನ್ನಪ್ಪನಿಗೆ ಹೇಳಿದೆ. "ರೇಡಿಯೋದಲ್ಲಿ ಹೇಳಿಯಾಯ್ತು" ಎಂದು ತುಟಿಯಾಡಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರಲ್ಲೂ ನಮ್ಮ ಬೆಟ್ಟದಲ್ಲಿ ರೇಡಿಯೋದಲ್ಲಿ ಬಂದ ಮಾತೆಂದರೆ ಕೈ ಮೇಲೆ ಕೈ ಇಟ್ಟು ಕೊಟ್ಟ ಮಾತು. ಇಂತಿಂಥವನು ಕತ್ತೆ ಹಿಡಿದುಕೊಂಡು ಇಂಥ ಕಡೆ ಬರಲಿ ಎಂದರೆ ಕತ್ತೆ ಬಂದೇ ಇರುತ್ತದೆ. ನಿನ್ನೆ ಹಾಲಿನ ಲಾರಿ ಹತ್ತಿ ಇಬ್ಬರೂ ಹೊರಟೆವು.

ಏನು ಜನ ಅಂತೀಯ! ಹೆಂಗಸರು ಹೊಸ ಶಾಲು ಹೊದ್ದು, ತಮಟೆ ಬಡಿದು ಹಾಡುತ್ತಿದ್ದರು. ಲಾರಿ ಬ್ಯಾಟರಿಗೆ ತಂತಿ ಕೊಟ್ಟು ಕಂಬಕ್ಕೆ ಸ್ಪೀಕರು ಕಟ್ಟಿದ್ದರು. ಫೆಲಿಸಿಯಾನೊ ನಿನ್ನಪ್ಪನ ಕೈಗೆ ಮೈಕು ಕೊಟ್ಟ. ಎಲ್ಲರೂ ಹ್ಯಾಟು ತೆಗೆದರು. ನಿನ್ನಪ್ಪ ಬಾಯಿ ತೆರೆದರು, ಸ್ಪೀಕರಿನಿಂದ ಪಾತ್ರೆಯ ತಳ ಕೆರೆದ ಸದ್ದು ಬಂತು. ಮಕ್ಕಳು ಕಿಸಕ್ಕನೆ ನಕ್ಕವು.

ಆಗ ಫೆಲಿಸಿಯಾನೊನ ತಾಯಿ, ತ್ರಾನ್ಸಿತೊ ಅಜ್ಜಿ, ಹತ್ತಿರ ಬಂದು ನಿನ್ನಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಇದ್ಯಾರನ್ನ ಕರ್ಕೊಂಡು ಬಂದ್ಯೋ? ಪಾಸ್ಟರು ಈಗ ಬೆಳಗ್ಗೆ ರೇಡಿಯೋದಲ್ಲಿ ಗಂಟೆ ಹೊಡೆದ ಹಾಗೆ ಮಾತಾಡಿದ್ರು. ಈ ಮುದುಕಪ್ಪ ಬೇರೆ ಯಾರೋ" ಎಂದಳು. ಜನರೆಲ್ಲ ಗುಸುಗುಸು ಶುರು ಮಾಡಿದರು. ಕೆಮ್ಮು ಎಂದು ನಾನೇ ಹೇಳಿದ್ದೆನಲ್ಲ, ಪಾಸ್ಟರಿಗೆ ಬರಲಾಗದೆ ಹೆಂಡತಿಯ ಜೊತೆ ಯಾರೋ ಬಡ ಸಹೋದರನನ್ನು ಕಳಿಸಿದ್ದಾರೆ ಎಂದು ಫೆಲಿಸಿಯಾನೊನೂ ಸೇರಿ ಅವರೇ ತೀರ್ಮಾನಿಸಿಬಿಟ್ಟರು. ಇವರೇ ಕಣ್ರೋ ಅವರು, ನಿಮ್ಮ ಕುಡಿತ ಬಿಡಿಸಿದವರು ಎಂದು ಕೂಗಲು ಬಾಯಿ ತೆಗೆದೆ. ನಿನ್ನಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದು ಬೇಡವೆಂದು ತಲೆಯಾಡಿಸಿದರು. ಮೈಕು ಕೆಳಗಿಟ್ಟರು, ಮೈಮೇಲಿನ ಪೊಂಚೊ ಕಂಬಳಿ ಬಿಚ್ಚಿ ನನ್ನ ಕೈಗೆ ಕೊಟ್ಟರು, ಆ ಹಿಮದಂಥ ನೀರಿಗೆ ಎದೆಮಟ್ಟ ಇಳಿದು ಎರಡೂ ಕೈ ಚಾಚಿ ನಿಂತರು.

ಯಾರೂ ಕದಲಲಿಲ್ಲ. ನಿನ್ನಪ್ಪನ ಗದ್ದ ನಡುಗುವುದು ದಡಕ್ಕೇ ಕಾಣುತ್ತಿತ್ತು. ಕೊನೆಗೆ ಅದೇ ಅಜ್ಜಿ, "ಅಯ್ಯೋ, ಈ ಮನುಷ್ಯ ಸೆಟೆದು ಸಾಯ್ತಾನೆ. ಯಾರು ಕಳಿಸಿದ್ರೇನು, ನಾನು ಪಾಸ್ಟರಿಗೋಸ್ಕರ ಇಳೀತಿದ್ದೀನಾ? ಯೇಸಪ್ಪನಿಗೋಸ್ಕರ ಇಳೀತಿದ್ದೀನಿ" ಎಂದು ಲಂಗ ಎತ್ತಿಕಟ್ಟಿ ಇಳಿದೇಬಿಟ್ಟಳು. ನಿನ್ನಪ್ಪ ಅವಳ ಬೆನ್ನಿಗೆ ಕೈ ಕೊಟ್ಟು ತುಟಿಯಾಡಿಸಿದರು, ಏನೂ ಕೇಳಲಿಲ್ಲ. ಆಗ ದಡದ ಮೇಲಿದ್ದವರೇ, ರೇಡಿಯೋದಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಮಾತು ಹೇಳಿದರು. ತಂದೆಯ, ಮಗನ ಎಂದು ಹೇಳಿ, ನಡುವೆ ನಿನ್ನಪ್ಪ "ಹ್ಞೂಂ" ಎಂದು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅದನ್ನೂ ಬಿಡದೆ "ಹ್ಞೂಂ" ಎಂದು, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಮುಗಿಸಿದರು. ಅದೂ ಸೇರಿ ಮಾತು ಎಂದುಕೊಂಡಿದ್ದಾರೆ, ಪಾಪ! ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ಆಮೇಲೆ ಒಲೆಯ ಪಕ್ಕ ಕೂರಿಸಿ ಕಂಬಳಿ ಹೊದಿಸಿದರು. ಸುಟ್ಟ ಗಿನಿಯಿಲಿಯ ಒಳ್ಳೆಯ ಭಾಗವನ್ನೇ ಬಡಿಸಿದರು. ಹೊರಡುವಾಗ ಅಜ್ಜಿ ಒಂದು ಚೀಲ ಆಲೂಗಡ್ಡೆ ತಂದು, "ಅಪ್ಪಾ, ನಿನಗೆ ಒಳ್ಳೇದಾಗ್ಲಿ. ಇದನ್ನ ನಮ್ಮ ಪಾಸ್ಟರಿಗೆ ತಲುಪಿಸು, ದಾರೀಲಿ ನೀನೇ ಬೇಯಿಸ್ಕೊಂಡು ತಿನ್ಬೇಡ ಮತ್ತೆ" ಎಂದು ಅವರ ಬೆನ್ನಿಗೇ ಹೊರಿಸಿದಳು.

ಲಾರಿಯಲ್ಲಿ ಆ ಚೀಲದ ಮೇಲೆ ಕೂತು ನಿನ್ನಪ್ಪ ನಕ್ಕರು ನೋಡು ರೆಬೆಕಾ! ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿದೆ, ಕಣ್ಣಲ್ಲಿ ನೀರು. ನಾನೂ ನಕ್ಕೆ. ಆಮೇಲೆ ಯಾಕೆ ನನ್ನ ಬಾಯಿ ಮುಚ್ಚಿಸಿದಿರಿ ಎಂದು ರೇಗಿದೆ. ಅವರು ನನ್ನ ಕಿವಿಗೆ ಬಾಯಿಟ್ಟು, "ನಾನೇ ಅಂತ ಗೊತ್ತಾಗಿದ್ರೆ ನನಗೋಸ್ಕರ ಇಳೀತಿದ್ರು. ನಾನಿಲ್ದೇನೇ ಇಳಿದ್ರಲ್ಲ, ಪೆಟ್ರೋನಾ. ಇಷ್ಟೇ ತಾನೇ ನಾನು ಬೇಡಿದ್ದು" ಎಂದರು. ಹ್ಯಾಟು ಸರಿಮಾಡಿಕೊಂಡು, "ಕೀಟೋಗೆ ಹೋಗೋಣ. ಬದುಕ್ತೀನಿ" ಎಂದರು. ಲಾರಿಯಲ್ಲಿ ಹಾಲಿನ ಕ್ಯಾನುಗಳ ನಡುವೆ ಕೂತು ನಾನು ಗೊಳೋ ಎಂದು ಅತ್ತೆ.

ಬುಧವಾರ ಬೆಳಗ್ಗೆ ಅವರೇ ಮೈಕಿನ ಮುಂದೆ ಕೂತು, ಇಷ್ಟು ದಿನ ಕೇಳಿದ್ದು ಟೇಪು, ನನ್ನ ದನಿ ಈಗ ಇದು ಎಂದು ಎಲ್ಲರಿಗೂ ಹೇಳುತ್ತಾರಂತೆ. ಇಸಿದ್ರೋ ಕೈಕೈ ಹಿಸುಕಿಕೊಳ್ಳುತ್ತಿದ್ದಾನೆ, ಇವರು ಕೇಳುವ ಪೈಕಿಯಲ್ಲ. ಅವತ್ತು ಕೆರೆಕೆರೆ ಸದ್ದು ಬಂದರೆ ಸೆಗುಂದೊ ಎಂದಿನಂತೆ ರೇಡಿಯೋ ತಲೆಗೆ ಗುದ್ದುವುದು ಬೇಡ. ರೇಡಿಯೋ ಕೆಟ್ಟಿಲ್ಲ, ಅದು ನಿನ್ನಪ್ಪ.

ಕೂಸಿನ ನೆತ್ತಿಗೆ ನನ್ನದೊಂದು ಮುತ್ತು.

ಬೈಯುತ್ತಲೇ ಪ್ರೀತಿಸುವ ನಿನ್ನ ಅವ್ವ,
ಪೆಟ್ರೋನಾ ನೌಲಾ

ಆಮೇಲೆ ಕೀಟೋ ಆಸ್ಪತ್ರೆಯಲ್ಲಿ ಕೂತು ಸೇರಿಸಿದ್ದು: ಈ ಪತ್ರ ಒಯ್ಯಬೇಕಿದ್ದ ಬಸ್ಸಿನ ಡ್ರೈವರು ತಂಗಿಯ ಮದುವೆಗೆ ಹೋಗಿದ್ದ. ಪತ್ರ ನನ್ನ ಗಂಟಿನಲ್ಲೇ ಕೀಟೋಗೆ ಬಂತು. ಬುಧವಾರದ ಸದ್ದಿಗೆ ಸೆಗುಂದೊ ಆಗಲೇ ರೇಡಿಯೋಗೆ ಗುದ್ದಿರುತ್ತಾನೆ, ಹೋಗಲಿ ಬಿಡು. ನಿನ್ನೆ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬಂತಂತೆ. ನಿನ್ನಪ್ಪ ಬದುಕಿದ್ದಾರೆ, ಈಗ ಕಣ್ಣು ಬಿಟ್ಟು ಗಂಜಿ ಬೇಕೆಂದು ಸನ್ನೆ ಮಾಡುತ್ತಿದ್ದಾರೆ, ಕೊಡುವ ಹಾಗಿಲ್ಲ. ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸನ್ನು ನಿಲ್ಲಿಸಿ, ನನ್ನನ್ನು ಬಗ್ಗಿಸಿ, ಉಳಿದಿದ್ದ ದನಿಯಲ್ಲಿ ಒಂದು ಮಾತು ಹೇಳಿದರು. ಕೊನೆಯ ಮಾತು ಏನಂದರು ಎಂದು ಸಭೆಯ ಹಿರಿಯರೂ ಕೇಳಿದರು, ಇಸಿದ್ರೋನೂ ಕೇಳಿದ, ನೀನೂ ಕೇಳುತ್ತೀಯ. ಹೇಳುವುದಿಲ್ಲ ಮಗಳೇ. ಅವರ ಮಾತನ್ನೆಲ್ಲ ಈ ಬೆಟ್ಟವೇ ಕೇಳಿತು, ನಾನೂ ಬೇಡವೆನ್ನಲಿಲ್ಲ. ಅದೊಂದು ನನ್ನದು.